ಚೀನಾದ ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಆಲಿಸುವಿಕೆ ಮತ್ತು ಓದಿನ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಸುವ ಗೆಳೆಯರು, ಬಿ.ಎಡ್. ಓದುತ್ತಿರುವವರು, ಪ್ರವೇಶ ಪರೀಕ್ಷೆಗಳ ಬಗ್ಗೆ ಕುತೂಹಲವಿರುವ ಪಾಲಕರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತು ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಪರೀಕ್ಷೆಯ ಪರಿಚಯ

ಚೀನಾದಲ್ಲಿ ಹೈಸ್ಕೂಲ್ ಮಕ್ಕಳ ಇಂಗ್ಲಿಷನ್ನು ಅಳೆಯುವ ಪರೀಕ್ಷೆ ಯಾವುದು? ನಮ್ಮ ಬೋರ್ಡ್ ಪರೀಕ್ಷೆಯಂತೆಯೇ?

ಅಲ್ಲಿ ಹೈಸ್ಕೂಲ್ ಎಂದರೆ ಸುಮಾರು ಹದಿನೈದರಿಂದ ಹದಿನೆಂಟು ವಯಸ್ಸಿನವರೆಗಿನ ಮೂರು ವರ್ಷ, ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಸೇರಿದಷ್ಟು ಅವಧಿ. ಈ ಅವಧಿಯಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಕಡ್ಡಾಯ ಪಠ್ಯವನ್ನು ಮುಗಿಸಿದ್ದಾರೆಯೇ ಎಂದು ನೋಡುವ ಅರ್ಹತಾ ಪರೀಕ್ಷೆಯನ್ನು ಆಯಾ ಪ್ರಾಂತವೇ ನಡೆಸುತ್ತದೆ. ಇದು ಒಂದು ಮಟ್ಟಿಗೆ ನಮ್ಮ ಬೋರ್ಡ್ ಪರೀಕ್ಷೆಯನ್ನು ಹೋಲುತ್ತದೆ. ಎರಡನೆಯದು ‘ಗಾವ್‌ಕಾವ್’ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ. ಮಕ್ಕಳ ಮುಂದಿನ ದಾರಿಯನ್ನು ನಿರ್ಧರಿಸುವುದು ಇದೇ. 2024ರಲ್ಲಿ 1 ಕೋಟಿ 34 ಲಕ್ಷಕ್ಕೂ ಹೆಚ್ಚು ಮಂದಿ ಇದಕ್ಕೆ ಹೆಸರು ನೋಂದಾಯಿಸಿದ್ದರು. ಪರೀಕ್ಷೆ ಜೂನ್ 7ರಂದು ಶುರುವಾಗುತ್ತದೆ. ವಿದೇಶಿ ಭಾಷೆಯ ಪತ್ರಿಕೆ ಜೂನ್ 8ರ ಮಧ್ಯಾಹ್ನ 3ರಿಂದ 5ರವರೆಗೆ. ಚೀನೀ ಭಾಷೆ, ಗಣಿತ ಮತ್ತು ವಿದೇಶಿ ಭಾಷೆ ಮೂರಕ್ಕೂ ತಲಾ 150 ಅಂಕಗಳಿವೆ. ವಿಜ್ಞಾನ ಓದಬಯಸುವ ಹುಡುಗನಿಗೂ ಗಣಿತದಷ್ಟೇ ತೂಕದಲ್ಲಿ ಇಂಗ್ಲಿಷ್ ಎದುರಾಗುತ್ತದೆ.

ಇಂಗ್ಲಿಷನ್ನೇ ಬರೆಯಬೇಕೆಂಬ ಕಡ್ಡಾಯವಿದೆಯೇ?

ಇಲ್ಲ. ಇಂಗ್ಲಿಷ್, ರಷ್ಯನ್, ಜಪಾನೀ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಈ ಆರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಬಹುಪಾಲು ವಿದ್ಯಾರ್ಥಿಗಳು ಇಂಗ್ಲಿಷನ್ನೇ ಬರೆಯುತ್ತಾರೆ.

ಒಟ್ಟು ಅಂಕದಲ್ಲಿ ಆಲಿಸುವಿಕೆಗೆಷ್ಟು, ಓದಿಗೆಷ್ಟು?

ಈಗ ಹೆಚ್ಚಿನ ಪ್ರಾಂತಗಳಲ್ಲಿ ಬಳಕೆಯಲ್ಲಿರುವ ಹೊಸ ಮಾದರಿಯ ರಾಷ್ಟ್ರೀಯ ಪತ್ರಿಕೆಯಲ್ಲಿ ಆಲಿಸುವಿಕೆಗೆ 30 ಅಂಕ, ಓದಿಗೆ 50, ಪದ ಮತ್ತು ವ್ಯಾಕರಣ ತುಂಬುವ ಭಾಷಾ ಪ್ರಯೋಗಕ್ಕೆ 30, ಬರವಣಿಗೆಗೆ 40 ಅಂಕಗಳಿವೆ. ಆಲಿಸುವಿಕೆಯಲ್ಲಿ ತಲಾ ಒಂದೂವರೆ ಅಂಕದ 20 ಪ್ರಶ್ನೆಗಳಿದ್ದರೆ, ಓದಿನಲ್ಲಿ ತಲಾ ಎರಡೂವರೆ ಅಂಕದ 20 ಪ್ರಶ್ನೆಗಳಿವೆ. ಬರವಣಿಗೆಯಲ್ಲೂ 25 ಅಂಕದ ಒಂದು ಭಾಗ ಓದಿನ ಮೇಲೆಯೇ ನಿಂತಿದೆ: ಅರ್ಧಕ್ಕೆ ನಿಂತ ಕಥೆಯನ್ನು ಓದಿ, ಕೊಟ್ಟ ಎರಡು ಆರಂಭದ ವಾಕ್ಯಗಳಿಂದ ಮುಂದುವರಿಸಬೇಕು, ಕಥೆಯನ್ನು ಸರಿಯಾಗಿ ಓದಿಕೊಳ್ಳದವರು ಅದನ್ನು ಬರೆಯಲಾರರು. ‘ಓದನ್ನು ಗೆದ್ದವನು ಲೋಕವನ್ನೇ ಗೆದ್ದ’ ಎಂದು ಚೀನಾದ ಇಂಗ್ಲಿಷ್ ಶಿಕ್ಷಕರು ತರಗತಿಯಲ್ಲಿ ಹೇಳುವ ಮಾತಿಗೆ ಈ ಲೆಕ್ಕವೇ ಆಧಾರ.

ಆಲಿಸುವ ಪರೀಕ್ಷೆ ನಡೆಯುವಾಗ ವಿಮಾನಗಳನ್ನೇ ನಿಲ್ಲಿಸುತ್ತಾರಂತೆ, ನಿಜವೇ?

ಅದು ದಕ್ಷಿಣ ಕೊರಿಯಾದ ಮಾತು. ಅಲ್ಲಿ ನವೆಂಬರ್‌ನಲ್ಲಿ ನಡೆಯುವ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಆಲಿಸುವಿಕೆಯ ವೇಳೆ ಸುಮಾರು 35 ನಿಮಿಷ ವಿಮಾನಗಳು ಏರುವುದನ್ನೂ ಇಳಿಯುವುದನ್ನೂ ತಡೆಯುತ್ತಾರೆ. ಚೀನಾದಲ್ಲಿ ಪರೀಕ್ಷಾ ಕೇಂದ್ರಗಳ ಸುತ್ತ ಹಾರ್ನ್ ಹಾಕುವುದನ್ನೂ ಕಟ್ಟಡ ಕಾಮಗಾರಿಯನ್ನೂ ನಿಷೇಧಿಸುತ್ತಾರೆ. ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಇದೆ. ಬೇರೆ ವಿಷಯಗಳಲ್ಲಿ ಪರೀಕ್ಷೆ ಆರಂಭವಾಗಿ ಹದಿನೈದು ನಿಮಿಷದವರೆಗೆ ತಡವಾಗಿ ಬಂದವರನ್ನು ಒಳಗೆ ಬಿಡುತ್ತಾರೆ. ವಿದೇಶಿ ಭಾಷೆಯ ದಿನ ಮಾತ್ರ ಆರಂಭಕ್ಕೆ ಹದಿನೈದು ನಿಮಿಷ ಮೊದಲೇ, ಅಂದರೆ 2:45ಕ್ಕೆ ಬಾಗಿಲು ಮುಚ್ಚುತ್ತದೆ. ಧ್ವನಿ ಮೊದಲಾದ ಮೇಲೆ ಒಬ್ಬರು ಬೆಂಚು ಎಳೆದು ಕೂತರೂ ಆ ಕೋಣೆಯಲ್ಲಿರುವ ಎಲ್ಲರಿಗೂ ಒಂದು ಪ್ರಶ್ನೆ ನಷ್ಟವಾಗಬಹುದು. ನಿಯಮ ಕಠಿಣವೆನಿಸಿದರೂ ಕಾರಣ ನ್ಯಾಯವಾದದ್ದು.

ಇಂಗ್ಲಿಷ್‌ಗೂ ಆಲಿಸುವಿಕೆಗೂ ಮೊದಲಿನಿಂದಲೂ ಇಂಥ ಸ್ಥಾನವೇ ಇತ್ತೇ?

ಇರಲಿಲ್ಲ. ಸಾಂಸ್ಕೃತಿಕ ಕ್ರಾಂತಿಯಲ್ಲಿ ನಿಂತುಹೋಗಿದ್ದ ಗಾವ್‌ಕಾವ್ 1977ರ ಕೊನೆಯಲ್ಲಿ ಮರಳಿ ಆರಂಭವಾದಾಗ ಇಂಗ್ಲಿಷ್‌ಗೆ ಅಂಥ ಸ್ಥಾನವಿರಲಿಲ್ಲ. ಅದರ ಅಂಕವನ್ನು ಹಂತಹಂತವಾಗಿ ಸೇರಿಸುತ್ತ ಬಂದು, 1983ರಲ್ಲಿ ಪೂರ್ಣವಾಗಿ ಪರಿಗಣಿಸಲಾಯಿತು. ಆಗಿನ ಪ್ರಶ್ನೆಗಳು ಹೆಚ್ಚಾಗಿ ವ್ಯಾಕರಣ ಮತ್ತು ಅನುವಾದವನ್ನೇ ಪರೀಕ್ಷಿಸುತ್ತಿದ್ದವು. 1985ರಲ್ಲಿ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಬಹು ಆಯ್ಕೆಯ, ಯಂತ್ರದಿಂದ ತಿದ್ದಬಹುದಾದ ಪತ್ರಿಕೆಯನ್ನು ಪ್ರಯೋಗಕ್ಕೆ ತಂದರು. ಆಲಿಸುವಿಕೆ ಬಂದದ್ದು ಇನ್ನೂ ತಡವಾಗಿ: 1999ರಲ್ಲಿ, ಅದೂ ಮೊದಲು ಗುವಾಂಗ್‌ಡಾಂಗ್‌ನಲ್ಲೇ.

## ಕಿವಿಯ ಪರೀಕ್ಷೆ

ಆಲಿಸುವಿಕೆಯ ಸುಮಾರು ಇಪ್ಪತ್ತು ನಿಮಿಷದಲ್ಲಿ ನಿಜವಾಗಿ ನಡೆಯುವುದೇನು?

ಮೊದಲು ಒಂದು ಮಾದರಿ ಪ್ರಶ್ನೆ ಕೇಳಿಸುತ್ತದೆ. ಅಂಗಿಯ ಬೆಲೆ ಎಷ್ಟು? ಆಯ್ಕೆಗಳು ಮೂರು: 19 ಪೌಂಡ್ 15 ಪೆನ್ಸ್, 9 ಪೌಂಡ್ 18 ಪೆನ್ಸ್, 9 ಪೌಂಡ್ 15 ಪೆನ್ಸ್. ಉತ್ತರ ಮೂರನೆಯದು ಎಂದು ಧ್ವನಿಯೇ ಹೇಳಿಬಿಡುತ್ತದೆ. ವರ್ಷವರ್ಷವೂ ಇದೇ ಅಂಗಿ, ಇದೇ ಬೆಲೆ. ಚೀನಾದ ಯಾವ ಕಾಲೇಜು ಹುಡುಗಿಯನ್ನು ಕೇಳಿದರೂ ‘ಒಂಬತ್ತು ಪೌಂಡ್ ಹದಿನೈದು ಪೆನ್ಸ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ನಮ್ಮಲ್ಲಿ ಒಂದನೇ ಮಗ್ಗಿ ಎಲ್ಲರಿಗೂ ನೆನಪಿರುವಂತೆ ಇದು ಅವರಿಗೆ.

ಆಮೇಲೆ ನಿಜವಾದ ಪರೀಕ್ಷೆ. ಮೊದಲ ಭಾಗದಲ್ಲಿ ಐದು ಕಿರು ಸಂಭಾಷಣೆಗಳು, ಒಂದೊಂದಕ್ಕೆ ಒಂದೇ ಪ್ರಶ್ನೆ. ಪ್ರತಿ ಸಂಭಾಷಣೆಯೂ ಒಂದೇ ಸಲ ಕೇಳಿಸುತ್ತದೆ. ಉತ್ತರ ಗುರುತಿಸಿ ಮುಂದಿನ ಪ್ರಶ್ನೆಯನ್ನು ಓದಿಕೊಳ್ಳಲು ಹತ್ತು ಸೆಕೆಂಡ್. ಎರಡನೆಯ ಭಾಗದಲ್ಲಿ ಐದು ದೀರ್ಘ ಸಂಭಾಷಣೆಗಳು ಅಥವಾ ಒಬ್ಬರೇ ಮಾತನಾಡುವ ತುಣುಕುಗಳು, ಅವುಗಳ ಮೇಲೆ 15 ಪ್ರಶ್ನೆಗಳು. ಇವು ಎರಡೆರಡು ಸಲ ಕೇಳಿಸುತ್ತವೆ. ತುಣುಕು ಆರಂಭವಾಗುವ ಮೊದಲು ಪ್ರಶ್ನೆಗೆ ಐದು ಸೆಕೆಂಡಿನಂತೆ ಓದಿಕೊಳ್ಳಲು, ಮುಗಿದ ಮೇಲೆ ಅಷ್ಟೇ ಸಮಯ ಉತ್ತರಿಸಲು ಸಿಗುತ್ತದೆ. ಕೊನೆಗೆ ಎರಡು ನಿಮಿಷ, ಪ್ರಶ್ನೆಪತ್ರಿಕೆಯ ಮೇಲೆ ಗುರುತಿಸಿಕೊಂಡ ಉತ್ತರಗಳನ್ನು ಓಎಂಆರ್ ಹಾಳೆಗೆ ಇಳಿಸಲು.

ಕೆಲವನ್ನು ಒಂದೇ ಸಲ, ಕೆಲವನ್ನು ಎರಡು ಸಲ ಕೇಳಿಸುವುದೇಕೆ? ಎಲ್ಲವನ್ನೂ ಎರಡು ಸಲ ಕೇಳಿಸಿದರೆ ಮಕ್ಕಳಿಗೆ ಅನುಕೂಲವಲ್ಲವೇ?

ಬದುಕಿನಲ್ಲಿ ಮಾತು ಒಂದೇ ಸಲ ಬರುತ್ತದೆ ಎಂಬುದು ಒಂದು ಕಡೆಯ ವಾದ. ಆದರೆ ಬದುಕಿನಲ್ಲಿ ಅರ್ಥವಾಗದಿದ್ದರೆ ‘ಏನಂದಿರಿ?’ ಎಂದು ಕೇಳುವ ಹಕ್ಕೂ ನಮಗಿದೆ. ಪರೀಕ್ಷಾ ಕೋಣೆಯ ಧ್ವನಿಪೆಟ್ಟಿಗೆಯನ್ನು ಹಾಗೆ ಕೇಳಲಾಗದು. ಎರಡು ಸಲ ಕೇಳಿಸಿದರೆ ಕೆಮ್ಮು, ಭಯ, ಹೊರಗಿನ ಸದ್ದುಗಳಿಂದಾಗುವ ಆಕಸ್ಮಿಕ ನಷ್ಟ ಕಡಿಮೆಯಾಗಿ ಅಂಕದ ವಿಶ್ವಸನೀಯತೆ ಹೆಚ್ಚುತ್ತದೆ. ಒಂದೇ ಸಲವಾದರೆ ಅಷ್ಟೇ ಸಮಯದಲ್ಲಿ ಹೆಚ್ಚು ಪ್ರಶ್ನೆಗಳನ್ನು ಕೇಳಬಹುದು, ವಿದ್ಯಾರ್ಥಿ ಮಾತಿನ ವೇಗದಲ್ಲೇ ಅರ್ಥಮಾಡಿಕೊಳ್ಳಬಲ್ಲನೇ ಎಂಬುದೂ ತಿಳಿಯುತ್ತದೆ. ಗಾವ್‌ಕಾವ್ ಎರಡನ್ನೂ ಹಂಚಿಕೊಂಡಿದೆ. ಕಿರು ಮಾತಿಗೆ ಒಂದು ಸಲ, ಮೂರು ನಾಲ್ಕು ಪ್ರಶ್ನೆಗಳು ಹೊತ್ತ ದೀರ್ಘ ಮಾತಿಗೆ ಎರಡು ಸಲ ಎಂಬ ಈ ಹಂಚಿಕೆ ನನಗೆ ಸರಿಯೆಂದೇ ತೋರುತ್ತದೆ, ಏಕೆಂದರೆ ದೀರ್ಘ ತುಣುಕಿನಲ್ಲಿ ಒಂದು ಕ್ಷಣ ಮೈಮರೆತರೆ ಕಳೆದುಕೊಳ್ಳುವುದು ಒಂದು ಪ್ರಶ್ನೆಯನ್ನಲ್ಲ, ಇಡೀ ಗುಂಪನ್ನು.

ಇಷ್ಟು ವರ್ಷ ಇಂಗ್ಲಿಷ್ ಓದಿದರೂ ಚೀನೀ ಮಕ್ಕಳಿಗೆ ಕೇಳುವುದೇ ಯಾಕೆ ಕಷ್ಟ?

ಕಣ್ಣಿಗೆ ಪರಿಚಿತವಾದ ಪದವನ್ನು ಕಿವಿ ಗುರುತಿಸದಿರುವುದೇ ಮುಖ್ಯ ತೊಡಕು, ಮತ್ತು ಅದಕ್ಕೆ ಅವರ ನುಡಿಯ ಧ್ವನಿರಚನೆಯಲ್ಲಿ ಕಾರಣಗಳಿವೆ. ಮ್ಯಾಂಡರಿನ್‌ನಲ್ಲಿ ಅಕ್ಷರದ ಕೊನೆಗೆ ಬರುವ ವ್ಯಂಜನಗಳು ಬೆರಳೆಣಿಕೆಯಷ್ಟು: ‘ನ್’, ‘ಙ್’, ಬಿಟ್ಟರೆ ‘ರ್’. ಇಂಗ್ಲಿಷ್ ಪದಗಳಾದರೋ ‘ಆಸ್ಕ್ಟ್’, ‘ಮಂತ್ಸ್’ ಎಂದು ವ್ಯಂಜನಗಳ ಗೊಂಚಲಿನಲ್ಲಿ ಮುಗಿಯುತ್ತವೆ. ಭೂತಕಾಲದ ಗುರುತೂ ಬಹುವಚನದ ಗುರುತೂ ಇರುವುದು ಆ ಕೊನೆಯ ಗೊಂಚಲಿನಲ್ಲೇ. ಅದು ಕಿವಿಗೆ ಬೀಳದಿದ್ದರೆ ‘ಕೆಲಸ ಮಾಡುತ್ತೇನೆ’ ಮತ್ತು ‘ಕೆಲಸ ಮಾಡಿದೆ’ ಒಂದೇ ಆಗಿಬಿಡುತ್ತವೆ. ಕನ್ನಡಿಗರಾದ ನಾವು ಪದದ ತುದಿಗೆ ಸ್ವರ ಸೇರಿಸಿ ‘ಬಸ್ಸು’, ‘ಪೆನ್ನು’ ಎಂದು ನಮ್ಮದಾಗಿಸಿಕೊಂಡಿದ್ದೇವಷ್ಟೆ, ಅದೇ ಬಗೆಯ ಒಗ್ಗಿಸುವಿಕೆ ಅವರ ಕಿವಿಯೊಳಗೂ ನಡೆಯುತ್ತದೆ. ಹುನಾನ್, ಸಿಚುವಾನ್ ಕಡೆಯ ಹಲವು ಆಡುನುಡಿಗಳಲ್ಲಿ ‘ನ’ಕಾರ ‘ಲ’ಕಾರಗಳ ಭೇದವೇ ಇಲ್ಲದ್ದರಿಂದ ಅಲ್ಲಿನ ಮಕ್ಕಳಿಗೆ ‘ನೈಟ್’, ‘ಲೈಟ್’ಗಳನ್ನು ಬಿಡಿಸಿಕೊಳ್ಳುವುದೂ ಶ್ರಮವೇ.

ಸಂಖ್ಯೆಗಳದು ಬೇರೆ ಕಥೆ. ಚೀನೀ ಎಣಿಕೆ ಹತ್ತು ಸಾವಿರದ ಮೇಲೆ ನಿಂತಿದೆ. ಹತ್ತು ಸಾವಿರಕ್ಕೆ ‘ವಾನ್’ ಎಂಬ ಒಂದೇ ಪದ. ಇಂಗ್ಲಿಷ್‌ನ ‘ಥ್ರೀ ಹಂಡ್ರೆಡ್ ಅಂಡ್ ಫಿಫ್ಟಿ ಥೌಸಂಡ್’ ಅವರ ತಲೆಯಲ್ಲಿ ‘ಮೂವತ್ತೈದು ವಾನ್’ ಆಗಬೇಕು, ಅಷ್ಟರಲ್ಲಿ ಮುಂದಿನ ವಾಕ್ಯ ಮುಗಿದಿರುತ್ತದೆ. ನಾವು ಅದನ್ನು ‘ಮೂರೂವರೆ ಲಕ್ಷ’ಕ್ಕೆ ಇಳಿಸಿಕೊಳ್ಳುವಾಗ ತಡವರಿಸುವುದನ್ನು ನೆನೆದರೆ ಅವರ ಕಷ್ಟ ನಮಗೆ ಸುಲಭವಾಗಿ ತಿಳಿಯುತ್ತದೆ. ಜೊತೆಗೆ, ‘ಅವನು’ ಮತ್ತು ‘ಅವಳು’ ಎರಡಕ್ಕೂ ಮಾತಿನಲ್ಲಿ ‘ತಾ’ ಎಂಬ ಒಂದೇ ಉಚ್ಚಾರಣೆ ಇರುವುದರಿಂದ, ಯಾರು ಯಾರ ಬಗ್ಗೆ ಹೇಳಿದರೆಂಬ ಎಳೆ ಇಂಗ್ಲಿಷ್ ಕೇಳುವಾಗ ಕೈತಪ್ಪುವುದುಂಟು.

ಸಂಭಾಷಣೆಯಲ್ಲಿರುವ ಸಂಖ್ಯೆಯನ್ನೇ ಗುರುತಿಸಿದರೂ ಉತ್ತರ ತಪ್ಪಾಗುತ್ತದಂತೆ. ಇದು ಮೋಸವಲ್ಲವೇ?

ಮೋಸವಲ್ಲ, ಆದರೆ ಮೋಸದ ಗಡಿ ಹತ್ತಿರದಲ್ಲೇ ಇದೆ. ಈ ಬಗೆಯ ಪ್ರಶ್ನೆಯನ್ನು ತೋರಿಸಲು ನಾನೇ ಒಂದನ್ನು ಕಟ್ಟಿ ಕನ್ನಡದಲ್ಲಿ ಕೊಡುತ್ತೇನೆ. ಹೆಂಗಸು ಕೇಳುತ್ತಾಳೆ: ‘ಬಸ್ಸು ಆರೂವರೆಗೆ ತಾನೇ?’ ಗಂಡಸು ಹೇಳುತ್ತಾನೆ: ‘ಹೋದ ತಿಂಗಳವರೆಗೆ ಹಾಗಿತ್ತು, ಈಗ ಕಾಲು ಗಂಟೆ ಮುಂಚೆ.’ ಬಸ್ಸು ಹೊರಡುವುದು ಎಷ್ಟು ಗಂಟೆಗೆ? ಆಯ್ಕೆಗಳು 6:15, 6:30, 6:45.

ಇಲ್ಲಿ ಪ್ರತಿ ತಪ್ಪು ಆಯ್ಕೆಯೂ ಒಂದು ಕಾರಣಕ್ಕಾಗಿ ಕೂತಿದೆ. ಕಿವಿಗೆ ಬಿದ್ದ ಸಮಯವನ್ನಷ್ಟೇ ಹಿಡಿದವರು 6:30 ಎನ್ನುತ್ತಾರೆ. ‘ಕಾಲು ಗಂಟೆ’ ಕೇಳಿಸಿ ‘ಮುಂಚೆ’ ಎಂಬುದು ಕೇಳಿಸದವರು 6:45 ಎನ್ನುತ್ತಾರೆ. ಎರಡೂ ಮಾತುಗಳನ್ನು ಜೋಡಿಸಿದವರಿಗೆ ಮಾತ್ರ 6:15 ಸಿಗುತ್ತದೆ. ತಪ್ಪು ಉತ್ತರ ನೋಡಿಯೇ ಮಗು ಎಲ್ಲಿ ಎಡವಿತೆಂದು ಹೇಳಬಲ್ಲ ಪ್ರಶ್ನೆ ಒಳ್ಳೆಯ ಪ್ರಶ್ನೆ. ಇದನ್ನೇ ‘ಆರೂವರೆಗೆ ಇಪ್ಪತ್ತಮೂರು ನಿಮಿಷ ಮುಂಚೆ’ ಎಂದು ಬದಲಿಸಿದರೆ ಅಳೆಯುವುದು ಇಂಗ್ಲಿಷನ್ನಲ್ಲ, ಕಳೆಯುವ ಲೆಕ್ಕವನ್ನು. ನಾನು ಹೇಳಿದ ಗಡಿ ಅದು.

ಕಿವಿ ಕೇಳಿಸದ ಮಕ್ಕಳು ಏನು ಮಾಡುತ್ತಾರೆ?

ಶ್ರವಣದೋಷವಿರುವ ವಿದ್ಯಾರ್ಥಿಗಳು ಮೊದಲೇ ಅರ್ಜಿ ಸಲ್ಲಿಸಿ ಆಲಿಸುವ ಭಾಗದಿಂದ ವಿನಾಯಿತಿ ಪಡೆಯಬಹುದು. ಆಗ ಉಳಿದ 120ರಲ್ಲಿ ಪಡೆದ ಅಂಕವನ್ನು 150ಕ್ಕೆ ಏರಿಸಿ ಲೆಕ್ಕ ಹಾಕುತ್ತಾರೆ. 96 ಬಂದರೆ 120 ಎಂದಾಗುತ್ತದೆ. ದೃಷ್ಟಿದೋಷವಿರುವವರಿಗೆ 2014ರಿಂದ ಬ್ರೈಲ್ ಪ್ರಶ್ನೆಪತ್ರಿಕೆಯೂ ಇದೆ.

ಕಂಪ್ಯೂಟರ್ ಮುಂದೆ ಕೂರಿಸಿ ಮಾತನಾಡಿಸುತ್ತಾರೆಂದು ಕೇಳಿದೆ. ಅದು ಎಲ್ಲ ಕಡೆ ಇದೆಯೇ?

ಎಲ್ಲ ಕಡೆ ಇಲ್ಲ. ಗುವಾಂಗ್‌ಡಾಂಗ್ 2011ರಿಂದ ಆಲಿಸುವಿಕೆ ಮತ್ತು ಮಾತನ್ನು ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಪರೀಕ್ಷಿಸುತ್ತಿದೆ. ಅಲ್ಲಿ ವಿದ್ಯಾರ್ಥಿ ಮೊದಲು ಒಂದು ವಿಡಿಯೊ ತುಣುಕಿನ ಧ್ವನಿಯನ್ನು ಅನುಕರಿಸಿ ಓದುತ್ತಾನೆ. ಆಮೇಲೆ ಒಂದು ಪಾತ್ರ ವಹಿಸಿ ಮೂರು ಪ್ರಶ್ನೆ ಕೇಳಿ ಐದಕ್ಕೆ ಉತ್ತರಿಸುತ್ತಾನೆ. ಕೊನೆಗೆ ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಮರಳಿ ಹೇಳುತ್ತಾನೆ. ಆಯ್ಕೆಗಳೇ ಇಲ್ಲದ್ದರಿಂದ ಊಹೆಗೆ ಎಡೆಯಿಲ್ಲ; ಕೇಳಿದ್ದು ಅರ್ಥವಾಗಿದ್ದರೆ ಬಾಯಿಗೆ ಬರುತ್ತದೆ. ಬೀಜಿಂಗ್‌ನಲ್ಲಿ 2021ರಿಂದ 150ರಲ್ಲಿ 50 ಅಂಕ ಕಂಪ್ಯೂಟರ್ ಮೇಲಿನ ಈ ಪರೀಕ್ಷೆಗೇ ಮೀಸಲು: ಆಲಿಸುವಿಕೆಗೆ 30, ಮಾತಿಗೆ 20, ಎರಡು ಅವಕಾಶ, ಹೆಚ್ಚಿನ ಅಂಕಕ್ಕೆ ಮಾನ್ಯತೆ. ಶಾಂಘೈನಲ್ಲಿ ಮಾತಿಗೆ 10 ಅಂಕವಿದೆ. ಉಳಿದ ಹೆಚ್ಚಿನ ಕಡೆ ಕಾಗದ, ಪೆನ್ಸಿಲ್ ಮತ್ತು ಧ್ವನಿಪೆಟ್ಟಿಗೆಯೇ.

## ಓದಿನ ಪರೀಕ್ಷೆ

ಯಾವ ಬಗೆಯ ಗದ್ಯಭಾಗ ಕೊಡುತ್ತಾರೆ? ಪಠ್ಯಪುಸ್ತಕದ ಪಾಠಗಳಿಂದ ಬರುತ್ತದೆಯೇ?

ಒಂದೂ ಪಠ್ಯಪುಸ್ತಕದಿಂದ ಬರುವುದಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಎಲ್ಲವೂ ಅಪಠಿತ ಗದ್ಯಭಾಗಗಳು. ಹೆಚ್ಚಿನವು ಇಂಗ್ಲಿಷ್ ಪತ್ರಿಕೆ, ಪುಸ್ತಕ, ಜಾಲತಾಣಗಳ ಬರಹಗಳನ್ನು ಸರಳಗೊಳಿಸಿ ಮಾಡಿದವು. ಮೊದಲನೆಯದು ಸಾಮಾನ್ಯವಾಗಿ ಪ್ರವಾಸದ ವೇಳಾಪಟ್ಟಿ, ವಸ್ತುಸಂಗ್ರಹಾಲಯದ ಸೂಚನೆಯಂಥ ಬಳಕೆಯ ಬರಹ. ಎರಡನೆಯದು ಹೆಚ್ಚಾಗಿ ವ್ಯಕ್ತಿಯೊಬ್ಬರ ಅನುಭವ. ಮೂರು ಮತ್ತು ನಾಲ್ಕನೆಯವು ವಿಜ್ಞಾನ, ಸಮಾಜ, ಪರಿಸರದ ವಿವರಣೆಗಳು. ನಾಲ್ಕು ಭಾಗಗಳಿಗೆ 15 ಪ್ರಶ್ನೆಗಳು. ಕಡ್ಡಾಯ ಪಠ್ಯದ ಜೊತೆಗೆ ಪ್ರವೇಶ ಪರೀಕ್ಷೆಗೆಂದು ಓದುವ ಪಠ್ಯವೂ ಸೇರಿದರೆ ಪಠ್ಯಕ್ರಮದ ಪದಸಂಖ್ಯೆ ಸುಮಾರು ಮೂರು ಸಾವಿರ; ಅದರಾಚೆಯ ಕಠಿಣ ಪದ ಬಂದಾಗ ಪಕ್ಕದಲ್ಲೇ ಚೀನೀ ಅರ್ಥವನ್ನು ಮುದ್ರಿಸುತ್ತಾರೆ. ಈ ಏರ್ಪಾಡು ನನಗೆ ಇಷ್ಟ. ಒಂದು ಪದ ಗೊತ್ತಿಲ್ಲದ ಮಾತ್ರಕ್ಕೆ ಇಡೀ ಪುಟ ಕತ್ತಲಾಗಬಾರದು.

‘ಏಳರಲ್ಲಿ ಐದು’ ಎಂಬ ಪ್ರಶ್ನೆ ಯಾವುದು?

ಚೀನೀಯರು ಅದನ್ನು ‘ಛೀ ಶ್ಯುವಾನ್ ವು’ ಎನ್ನುತ್ತಾರೆ. ಒಂದು ಬರಹದಿಂದ ಐದು ವಾಕ್ಯಗಳನ್ನು ಕಿತ್ತು, ಎರಡು ಅನ್ಯ ವಾಕ್ಯಗಳನ್ನು ಬೆರೆಸಿ, ಏಳನ್ನೂ ಕೆಳಗೆ ಕೊಟ್ಟಿರುತ್ತಾರೆ; ಐದನ್ನು ತಂತಮ್ಮ ಜಾಗಕ್ಕೆ ಕೂರಿಸಬೇಕು. ಪದದ ಅರ್ಥ ಗೊತ್ತಿದ್ದರೆ ಸಾಲದು. ‘ಇದು’, ‘ಅವರು’, ‘ಆದರೂ’ ಎಂಬ ಸಣ್ಣ ಮಾತುಗಳು ಹಿಂದಿನ ವಾಕ್ಯದ ಯಾವುದನ್ನು ಹಿಡಿದುಕೊಂಡಿವೆ ಎಂಬುದನ್ನು ನೋಡಬೇಕು. ಇದರಲ್ಲೊಂದು ದೋಷವೂ ಇದೆ: ಒಂದು ವಾಕ್ಯವನ್ನು ತಪ್ಪು ಜಾಗಕ್ಕೆ ಹಾಕಿದರೆ ಅದರ ನಿಜವಾದ ಜಾಗವೂ ಹೋಗಿ, ಒಂದೇ ತಪ್ಪಿಗೆ ಐದು ಅಂಕ ಕಳೆಯುತ್ತದೆ.

ವ್ಯಾಕರಣದಲ್ಲಿ ಪಳಗಿದ ಮಕ್ಕಳು ಓದಿನಲ್ಲಿ ನಿಧಾನವಾಗುವುದೇಕೆ?

ಚೀನೀ ವಾಕ್ಯದಲ್ಲಿ ವಿಶೇಷಣವಾಗಿ ಬರುವ ಉಪವಾಕ್ಯವು ನಾಮಪದಕ್ಕಿಂತ ಮೊದಲು ಬರುತ್ತದೆ. ಕನ್ನಡದಲ್ಲೂ ಹಾಗೆಯೇ: ‘ನಿನ್ನೆ ಬಂದ ಹುಡುಗ’. ಇಂಗ್ಲಿಷ್‌ನಲ್ಲಾದರೆ ‘ಹುಡುಗ’ ಮೊದಲು, ‘ನಿನ್ನೆ ಬಂದದ್ದು’ ಆಮೇಲೆ, ಅದರ ಬಾಲಕ್ಕೆ ಇನ್ನೊಂದು ಉಪವಾಕ್ಯ. ಹೀಗೆ ಉದ್ದವಾಗುವ ವಾಕ್ಯಗಳನ್ನು ಅಲ್ಲಿನ ತರಗತಿಗಳಲ್ಲಿ ಕರ್ತೃ, ಕ್ರಿಯೆ ಎಂದು ಕತ್ತರಿಸಿ, ಹಿಂದುಮುಂದಾಗಿಸಿ, ಚೀನೀಗೆ ತಂದು ವಿವರಿಸುತ್ತಾರೆ. ಆ ಅಭ್ಯಾಸ ಪಾಠಕ್ಕೆ ಒಳ್ಳೆಯದು. ಪರೀಕ್ಷೆಯಲ್ಲಿ ಕಾಲು ಕಟ್ಟುತ್ತದೆ. ಎರಡು ಗಂಟೆಯಲ್ಲಿ ಆಲಿಸುವಿಕೆ, ಬರವಣಿಗೆ, ಭಾಷಾ ಪ್ರಯೋಗಗಳಿಗೆ ಹೋಗಿ ‘ಏಳರಲ್ಲಿ ಐದು’ ಸೇರಿ ಐದು ಗದ್ಯಭಾಗಗಳಿಗೆ ಉಳಿಯುವುದು ಸುಮಾರು 35 ನಿಮಿಷ, ಅಂದರೆ ಪ್ರಶ್ನೆಗಳೂ ಸೇರಿ ಒಂದಕ್ಕೆ ಏಳು ನಿಮಿಷ. ಪ್ರತಿ ವಾಕ್ಯವನ್ನೂ ಬಿಡಿಸಿಟ್ಟು ಓದುವ ಮಗು ನಾಲ್ಕನೇ ಭಾಗ ಮುಟ್ಟುವುದೇ ಇಲ್ಲ.

ಗದ್ಯಭಾಗವನ್ನೇ ಓದದೆ ಉತ್ತರ ಹೇಳಬಹುದಂತಲ್ಲ?

ಕೆಟ್ಟ ಪ್ರಶ್ನೆಯಾದರೆ ಹೇಳಬಹುದು. ಅತಿ ಉದ್ದವಾದ ಆಯ್ಕೆಯೇ ಸರಿ, ‘ಎಂದಿಗೂ’, ‘ಎಲ್ಲರೂ’ ಎಂಬ ಪದವಿರುವ ಆಯ್ಕೆ ತಪ್ಪು ಎಂಬಂಥ ಸೂತ್ರಗಳನ್ನು ತರಬೇತಿ ಕೇಂದ್ರಗಳು ಕಲಿಸುವುದು ಅದಕ್ಕೇ. ಪ್ರಶ್ನೆ ಹೆಣೆಯುವವರು ತಮ್ಮ ಕೆಲಸವನ್ನು ಪರೀಕ್ಷಿಸಿಕೊಳ್ಳುವ ವಿಧಾನ ಸರಳವಾಗಿದೆ: ಗದ್ಯಭಾಗವನ್ನು ಮುಚ್ಚಿ ಪ್ರಶ್ನೆಗಳನ್ನಷ್ಟೇ ಒಂದು ತರಗತಿಗೆ ಕೊಡಿ, ನಾಲ್ಕು ಆಯ್ಕೆಗಳಿದ್ದರೆ ಬರಿಯ ಊಹೆಗೆ ನೂರಕ್ಕೆ 25ರಷ್ಟು ಸರಿಯಾಗಬೇಕು, ಅದಕ್ಕಿಂತ ಬಹಳ ಮೇಲೆ ಹೋದ ಪ್ರಶ್ನೆ ಓದನ್ನು ಅಳೆಯುತ್ತಿಲ್ಲ.

ಒಳ್ಳೆಯ ಪ್ರಶ್ನೆಯ ತಪ್ಪು ಆಯ್ಕೆಗಳು ಹೇಗಿರುತ್ತವೆಂದರೆ, ಒಂದು ಊರಿನ ಗ್ರಂಥಾಲಯದ ಬಗ್ಗೆ ಬರಹವಿದೆ ಎಂದಿಟ್ಟುಕೊಳ್ಳಿ: ಪುಸ್ತಕ ಒಯ್ಯುವವರು ಕಡಿಮೆಯಾದರು, ಬಂದು ಕೂತು ಓದುವವರು ಹೆಚ್ಚಾದರು, ಗ್ರಂಥಪಾಲಕಿ ಎರಡು ಕಪಾಟು ತೆಗೆಸಿ ಮೇಜು ಹಾಕಿಸಿದರು. ಬರಹದ ಮುಖ್ಯ ವಿಷಯವೇನು? ‘ಜನ ಓದುವುದನ್ನು ಬಿಡುತ್ತಿದ್ದಾರೆ’ ಎಂಬುದು ಅರ್ಧ ಓದಿ ನಿಲ್ಲಿಸಿದವರನ್ನು ಹಿಡಿಯುತ್ತದೆ. ‘ಗ್ರಂಥಾಲಯದಲ್ಲಿ ಹೊಸ ಮೇಜುಗಳು ಬಂದವು’ ಎಂಬುದು ಪೂರ್ತಿ ನಿಜ, ಆದರೆ ಕೇಳಿದ್ದು ಅದನ್ನಲ್ಲ. ‘ಗ್ರಂಥಾಲಯವನ್ನು ಬಳಸುವ ರೀತಿ ಬದಲಾಯಿತು’ ಎಂಬ ಸರಿಯುತ್ತರದಲ್ಲಿ ‘ಗ್ರಂಥಾಲಯ’ ಎಂಬುದನ್ನು ಬಿಟ್ಟರೆ ಬರಹದ ಒಂದು ಪದವೂ ಹಾಗೆಯೇ ಮರುಕಳಿಸಿಲ್ಲ. ಪದಗಳನ್ನು ಕಣ್ಣಿನಿಂದ ಹೊಂದಿಸಿ ನೋಡುವವರು ತಪ್ಪುವುದು ಇಲ್ಲೇ, ಅರ್ಥ ಗ್ರಹಿಸಿದವರಿಗೆ ಗೆಲುವಾಗುವುದೂ ಇಲ್ಲೇ.

## ಅಳತೆಗೋಲನ್ನೇ ಅಳೆಯುವ ಪ್ರಶ್ನೆಗಳು

ಏನೂ ಬಾರದ ಹುಡುಗನಿಗೂ ಊಹೆಯಿಂದ ಎಷ್ಟು ಅಂಕ ಬರಬಹುದು?

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಅಲ್ಲಿಲ್ಲ. ಆಲಿಸುವಿಕೆಯಲ್ಲಿ ಮೂರೇ ಆಯ್ಕೆಗಳಿರುವುದರಿಂದ ಕಣ್ಣುಮುಚ್ಚಿ ಗುರುತಿಸಿದರೂ ಸರಾಸರಿ 30ಕ್ಕೆ 10 ಅಂಕ ಬರುತ್ತದೆ. ಓದಿನ ನಾಲ್ಕು ಗದ್ಯಭಾಗಗಳ ಮೂವತ್ತೇಳೂವರೆ ಅಂಕಗಳಲ್ಲಿ ಒಂಬತ್ತಕ್ಕೂ ಸ್ವಲ್ಪ ಹೆಚ್ಚು ಬರುತ್ತದೆ. ಹಾಗಾದರೆ ಆಲಿಸುವಿಕೆಗೆ ನಾಲ್ಕು ಆಯ್ಕೆ ಏಕೆ ಕೊಡಬಾರದು? ಕೊಟ್ಟರೆ ಐದು ಸೆಕೆಂಡಿನಲ್ಲಿ ಓದಬೇಕಾದ ಸಾಲು ಹೆಚ್ಚುತ್ತದೆ, ಆಗ ವೇಗವಾಗಿ ಓದಬಲ್ಲವರಿಗೆ ಕಿವಿಯ ಪರೀಕ್ಷೆಯಲ್ಲಿ ಲಾಭವಾಗುತ್ತದೆ. ಊಹೆಯ ದೋಷವನ್ನು ಒಪ್ಪಿಕೊಂಡು ಸಪ್ರಮಾಣತೆಯನ್ನು, ಅಂದರೆ ಅಳೆಯಬೇಕಾದದ್ದನ್ನೇ ಅಳೆಯುವ ಗುಣವನ್ನು, ಉಳಿಸಿಕೊಂಡಿರುವುದು ನ್ಯಾಯವಾದ ಆಯ್ಕೆ. ಆದರೂ 30ಕ್ಕೆ 12 ಬಂದಾಗ ಮಗುವಿಗೆ ಐದರಲ್ಲಿ ಎರಡು ಪಾಲು ಅರ್ಥವಾಗುತ್ತದೆ ಎಂದು ತಿಳಿಯಬಾರದು. ಊಹೆಗಿಂತ ಅಂಥ ವ್ಯತ್ಯಾಸವೇ ಇಲ್ಲ.

ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆದರೆ ಎರಡೂ ಪತ್ರಿಕೆ ಸಮನಾಗಿವೆ ಎಂದು ಹೇಗೆ ನಂಬುವುದು?

ಈ ಪ್ರಶ್ನೆ ಚೀನಾದಲ್ಲಿ ಬಹಳ ನೋವಿನಿಂದ ಏಳಬೇಕಾಯಿತು. 2014ರ ಸುಧಾರಣೆಯಲ್ಲಿ ಶಾಂಘೈ ಮತ್ತು ಝೆಜಿಯಾಂಗ್‌ಗಳಲ್ಲಿ ಇಂಗ್ಲಿಷನ್ನು ಎರಡು ಸಲ ಬರೆದು ಹೆಚ್ಚಿನ ಅಂಕ ಉಳಿಸಿಕೊಳ್ಳುವ ಅವಕಾಶ ಬಂತು. 2018ರ ನವೆಂಬರ್‌ನಲ್ಲಿ ಝೆಜಿಯಾಂಗ್‌ನ ಪತ್ರಿಕೆ ಕಷ್ಟವಾಯಿತೆಂದು, ಪರೀಕ್ಷೆ ಮುಗಿದ ಮೇಲೆ ಓದು ಮತ್ತು ಭಾಷಾ ಪ್ರಯೋಗದ ಕೆಲವು ಪ್ರಶ್ನೆಗಳಿಗೆ ತೂಕ ಹೆಚ್ಚಿಸಿ ಅಂಕ ಕೊಟ್ಟರು. ಮೊದಲೇ ತಿಳಿಸದೆ ಮಾಡಿದ ಈ ಹೊಂದಾಣಿಕೆಯಿಂದ ಯಾರಿಗೆ ಎಷ್ಟು ಏರಿತೆಂಬುದು ಯಾರಿಗೂ ತಿಳಿಯದೆ ಪಾಲಕರು ಸಿಡಿದೆದ್ದರು. ಡಿಸೆಂಬರ್‌ನಲ್ಲಿ ಪ್ರಾಂತ ಸರ್ಕಾರದ ತನಿಖೆ ಅದನ್ನು ತಪ್ಪು ನಿರ್ಧಾರವೆಂದು ಹೇಳಿ, ತೂಕದ ಅಂಕಗಳನ್ನು ರದ್ದುಪಡಿಸಿ, ಮೂಲ ಅಂಕಗಳನ್ನೇ ಮರಳಿ ಕೊಟ್ಟಿತು. ಅಧಿಕಾರಿಗಳ ಮೇಲೆ ಕ್ರಮವೂ ಆಯಿತು.

ಅಧಿಕಾರಿಗಳ ಮುಂದಿದ್ದ ಸಮಸ್ಯೆ ನಿಜವಾದದ್ದೇ ಆಗಿತ್ತು. ಎರಡು ಪತ್ರಿಕೆಗಳನ್ನು ಸಮಗೊಳಿಸಲು ಎರಡರಲ್ಲೂ ಕೆಲವು ಸಾಮಾನ್ಯ ಪ್ರಶ್ನೆಗಳಿರಬೇಕು, ಅಥವಾ ಬರೆಯುವ ಎರಡೂ ಗುಂಪುಗಳು ಸಾಮರ್ಥ್ಯದಲ್ಲಿ ಸಮನಾಗಿರಬೇಕು. ಗಾವ್‌ಕಾವ್ ಪತ್ರಿಕೆ ಮುಗಿದೊಡನೆ ಊರೆಲ್ಲ ಹರಡುವುದರಿಂದ ಸಾಮಾನ್ಯ ಪ್ರಶ್ನೆ ಇಡಲಾಗದು. ನವೆಂಬರ್‌ನಲ್ಲೂ ಜೂನ್‌ನಲ್ಲೂ ಬರೆಯುತ್ತಿದ್ದವರು ಒಂದೇ ಬಗೆಯವರಾಗಿರಲಿಲ್ಲ. ನಮ್ಮ ಜೆಇಇ ಮೇನ್‌ನಲ್ಲಿ ಪಾಳಿಗಳ ನಡುವೆ ಪರ್ಸೆಂಟೈಲ್ ಬಳಸುತ್ತಾರಲ್ಲ, ಅದೂ ಗುಂಪುಗಳು ಸಮವೆಂಬ ನಂಬಿಕೆಯ ಮೇಲೆಯೇ ನಿಂತಿದೆ. ಯಾವ ಸೂತ್ರವಾದರೂ ಇರಲಿ, ಅದನ್ನು ಪರೀಕ್ಷೆಗೆ ಮೊದಲೇ ಪ್ರಕಟಿಸಿರಬೇಕು.

ಆಲಿಸುವಿಕೆ ಸೇರಿಸಿದ್ದರಿಂದ ತರಗತಿಯಲ್ಲಿ ಇಂಗ್ಲಿಷ್ ಕೇಳಿಸತೊಡಗಿತೇ?

ಸ್ವಲ್ಪ ಮಟ್ಟಿಗೆ, ಅಂದುಕೊಂಡಷ್ಟಲ್ಲ. ಓದಲು ಬರೆಯಲು ಬಂದು ಮಾತನಾಡಲು ಬಾರದ ಸ್ಥಿತಿಯನ್ನು ಚೀನೀಯರು ‘ಮೂಗ ಇಂಗ್ಲಿಷ್’ ಎಂದು ಕರೆದು ದಶಕಗಳಿಂದ ಕೊರಗಿದ್ದಾರೆ. ಗಾವ್‌ಕಾವನ್ನು ಅವರು ವಾದ್ಯಮೇಳ ನಡೆಸುವವನ ಕೈಯ ಕೋಲಿಗೆ ಹೋಲಿಸುತ್ತಾರೆ. ಕೋಲು ತಿರುಗಿದತ್ತ ಶಾಲೆಗಳೆಲ್ಲ ತಿರುಗುತ್ತವೆ. ಭಾಷೆಯ ಬಳಕೆಯತ್ತ ಪಾಠವನ್ನು ಎಳೆಯಬೇಕೆಂಬುದೇ ಪರೀಕ್ಷೆ ರೂಪಿಸಿದವರ ಉದ್ದೇಶವಾಗಿತ್ತು. ಶಾಲೆಗಳು ತಿರುಗಿದವು ನಿಜ, ಆದರೆ ಸಂಭಾಷಣೆಯತ್ತ ಅಲ್ಲ, ಹಳೆಯ ಪ್ರಶ್ನೆಪತ್ರಿಕೆಗಳ ಧ್ವನಿಯತ್ತ: ಧ್ವನಿ ಹಾಕು, ಉತ್ತರ ಗುರುತಿಸು, ಸರಿಯುತ್ತರ ಹೇಳು, ಮುಂದಿನದು. ಈ ಅವಿರತ ಪ್ರಶ್ನೆಯಭ್ಯಾಸಕ್ಕೆ ಅಲ್ಲಿ ‘ಶುವಾ ತೀ’ ಎಂಬ ಹೆಸರೇ ಇದೆ, ಪ್ರಶ್ನೆಗಳನ್ನು ಉಜ್ಜುವುದು ಎಂದರ್ಥ. ಕೆಲವು ಪ್ರಾಂತಗಳು ಹಲವು ವರ್ಷ ಆಲಿಸುವಿಕೆಯ ಅಂಕವನ್ನು ಒಟ್ಟಿಗೆ ಸೇರಿಸದೆ 120ನ್ನು 1.25ರಿಂದ ಗುಣಿಸಿ 150 ಮಾಡಿಕೊಂಡವು. ಅಂಥಲ್ಲಿ ಆ ಅಭ್ಯಾಸಕ್ಕೂ ಕಾರಣ ಉಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಗುವಾಂಗ್‌ಡಾಂಗ್‌ನ ಕಥೆ ಮರಳಿ ಹೇಳಿಸುವ ಪ್ರಶ್ನೆ ಈ ದಿಕ್ಕಿನಲ್ಲಿ ಇಟ್ಟ ಅತ್ಯಂತ ಗಟ್ಟಿ ಹೆಜ್ಜೆ, ಏಕೆಂದರೆ ಅದಕ್ಕೆ ತಯಾರಾಗಲು ಕೇಳಿ ಹೇಳುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

150ಕ್ಕೆ 120 ಬಂದರೆ ಅವರ ಇಂಗ್ಲಿಷ್ ಯಾವ ಮಟ್ಟದ್ದು ಎಂದು ಹೇಳಬಹುದೇ?

ಅಂಕದಿಂದ ನೇರವಾಗಿ ಹೇಳಲಾಗದು. ಗಾವ್‌ಕಾವ್ ಇರುವುದು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಲು, ‘ಇವರು ಇದನ್ನು ಮಾಡಬಲ್ಲರು’ ಎಂದು ಹೇಳಲು ಅಲ್ಲ. ಈ ಕೊರತೆ ತುಂಬಲು ಚೀನಾದ ಶಿಕ್ಷಣ ಸಚಿವಾಲಯ 2018ರಲ್ಲಿ ಒಂಬತ್ತು ಹಂತಗಳ ರಾಷ್ಟ್ರೀಯ ಇಂಗ್ಲಿಷ್ ಸಾಮರ್ಥ್ಯ ಮಾನದಂಡವನ್ನು ಪ್ರಕಟಿಸಿತು. ಅದರಲ್ಲಿ ಹೈಸ್ಕೂಲ್ ಮುಗಿಸುವವರು ಸ್ಥೂಲವಾಗಿ ನಾಲ್ಕನೇ ಹಂತದಲ್ಲಿ ಬರುತ್ತಾರೆ. ಐಇಎಲ್‌ಟಿಎಸ್‌ನಂಥ ಅಂತರರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆಗಳ ಅಂಕಗಳನ್ನೂ ಈ ಹಂತಗಳಿಗೆ ಹೊಂದಿಸಲಾಗಿದೆ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇದರಿಂದ ನನ್ನ ತರಗತಿಗೆ ಏನು ತೆಗೆದುಕೊಳ್ಳಬಹುದು?

ನಮ್ಮ ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನ ಲಿಖಿತ ಪತ್ರಿಕೆಯಲ್ಲಿ ಧ್ವನಿ ಕೇಳಿಸುವ ಭಾಗವಿಲ್ಲ, ಆದ್ದರಿಂದ ಪಾಠವನ್ನು ತಿರುಗಿಸುವ ಕೋಲು ನಿಮ್ಮ ಕೈಯಲ್ಲೇ ಇದೆ. ಮೊಬೈಲ್ ಮತ್ತು ಒಂದು ಸಣ್ಣ ಸ್ಪೀಕರ್ ಸಾಕು. ಇಬ್ಬರು ಶಿಕ್ಷಕರು ಸೇರಿ ಐದು ಕಿರು ಸಂಭಾಷಣೆಗಳನ್ನು ರೆಕಾರ್ಡ್ ಮಾಡಿ. ಓದಿದಂತೆ ಅಲ್ಲ, ಮಾತನಾಡಿದಂತೆ. ಪ್ರಶ್ನೆ ಮತ್ತು ಮೂರು ಆಯ್ಕೆಗಳನ್ನು ಮೊದಲೇ ಹಲಗೆಯ ಮೇಲೆ ಬರೆದು, ಓದಿಕೊಳ್ಳಲು ಸಮಯ ಕೊಟ್ಟು, ಒಂದೇ ಸಲ ಕೇಳಿಸಿ, ನಡುವೆ ಹತ್ತು ಸೆಕೆಂಡ್ ಬಿಡಿ. ಕಿಟಕಿ ಪಕ್ಕದ ಕೊನೆಯ ಬೆಂಚಿನಲ್ಲಿ ನೀವೇ ಮೊದಲು ಕೂತು ಕೇಳಿ ನೋಡಿ; ಅಲ್ಲಿಗೆ ಸ್ಪಷ್ಟವಾಗಿ ತಲುಪದ ಧ್ವನಿ ಇಂಗ್ಲಿಷನ್ನು ಅಳೆಯುವುದಿಲ್ಲ, ಕೂತ ಜಾಗವನ್ನು ಅಳೆಯುತ್ತದೆ.

ಆಮೇಲಿನ ಕೆಲಸ ಹೆಚ್ಚು ಮುಖ್ಯ. 40 ಮಕ್ಕಳಿದ್ದರೆ ಒಟ್ಟು ಅಂಕದಲ್ಲಿ ಮೇಲಿನ 11 ಮತ್ತು ಕೆಳಗಿನ 11 ಉತ್ತರಗಳನ್ನು ಬೇರೆ ಮಾಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 4 ಮಂದಿ ಸರಿಯಾಗಿ ಉತ್ತರಿಸಿದ್ದರೆ, ವ್ಯತ್ಯಾಸ 5ನ್ನು 11ರಿಂದ ಭಾಗಿಸಿ, 0.45 ಬರುತ್ತದೆ, ಅದು ಆ ಪ್ರಶ್ನೆಯ ಭೇದಕ ಶಕ್ತಿ, ಅಂದರೆ ಬಲ್ಲವರನ್ನು ಬಾರದವರಿಂದ ಬೇರ್ಪಡಿಸುವ ಶಕ್ತಿ. 0.3ಕ್ಕಿಂತ ಮೇಲಿದ್ದರೆ ಪ್ರಶ್ನೆಯನ್ನು ಇಟ್ಟುಕೊಳ್ಳಿ. ಸೊನ್ನೆಯ ಆಸುಪಾಸಿನಲ್ಲಿದ್ದರೆ, ಅಥವಾ ಕೆಳಗಿನವರೇ ಹೆಚ್ಚು ಸರಿ ಉತ್ತರಿಸಿದ್ದರೆ, ಮಕ್ಕಳನ್ನು ಗದರುವ ಮೊದಲು ನಿಮ್ಮ ಉತ್ತರಸೂಚಿಯನ್ನೂ ರೆಕಾರ್ಡಿಂಗನ್ನೂ ಇನ್ನೊಮ್ಮೆ ಕೇಳಿ ನೋಡಿ.